ಬಿದ್ದ ಭತ್ತದ ಪಾಲು

ಸಾವ್ಕಾರ ತೋಟಪ್ಪ ಕೇರಿಯೊಳಗೆ ಬಂದ.

ಕೇರಿಯ ಬಾಯಿಗೆ ಕಾರು ನಿಲ್ಲಿಸಿ, ಹಾರನ್ ಹೊಡೆದು, ಬೇಕಾದವರನ್ನು ಅಲ್ಲಿಗೇ ಕರೆಸಿಕೊಳ್ಳುವ ಮನುಷ್ಯ ಅವನು. ಅವತ್ತು ಕಾರಿನಿಂದ ಇಳಿದ. ಧೋತರ ಎತ್ತಿ ಹಿಡಿದ. ಕೊಚ್ಚೆಯಲ್ಲಿ ಕಲ್ಲು ಹುಡುಕಿ ಹುಡುಕಿ ಕಾಲಿಡುತ್ತ ಬಂದು ಉಚ್ಚೆಂಗಮ್ಮನ ಮನೆ ಮುಂದೆ ನಿಂತ.

“ಉಚ್ಚೆಂಗಮ್ಮ, ಮನ್ಯಾಗ ಅದೀಯೇನವಾ?”

ಒಲೆ ಮುಂದೆ ಕೂತಿದ್ದ ಉಚ್ಚೆಂಗಮ್ಮನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ನಲವತ್ತೈದು ವರ್ಷದಲ್ಲಿ ಆ ಬಾಯಿಂದ ತನ್ನ ಹೆಸರು ಪೂರ್ತಿಯಾಗಿ ಬಂದದ್ದನ್ನು ಅವಳು ಕೇಳಿರಲಿಲ್ಲ. ‘ಉಚ್ಚೆಂಗಿ’ ಕೇಳಿದ್ದಳು. ‘ಲೇ’ ಕೇಳಿದ್ದಳು. ಹೋದ ವರ್ಷ ‘ಕಳ್ಳಿ’ ಅನ್ನುವುದನ್ನೂ ಕೇಳಿದ್ದಳು. ಈಗ ಹೆಸರಿಗೆ ‘ಅಮ್ಮ’ ಸೇರಿತ್ತು, ಅದರ ಮೇಲೊಂದು ‘ಅವಾ’. ಮಳೆ ಎಂಥವರ ನಾಲಿಗೆಯನ್ನೂ ನೆನೆಸಿ ಮೆತ್ತಗೆ ಮಾಡುತ್ತದೆ.

ಮಳೆ ಹಿಡಿದು ಮೂರು ದಿನವಾಗಿತ್ತು. ವಿಶಾಖ ಮಳೆ ಅಂದರೆ ನಾಲ್ಕು ಹನಿ ಉದುರಿಸಿ ತನ್ನ ಪಾಡಿಗೆ ತಾನು ಹೋಗುವ ಮಳೆ. ಈ ಸಲ ಹಾಗಾಗಲಿಲ್ಲ. ಸಮುದ್ರದಲ್ಲಿ ಎಲ್ಲೋ ಗಾಳಿ ಎದ್ದಿದೆ ಅಂತ ಟಿವಿಯಲ್ಲಿ ಹೇಳಿದರು. ಆ ಗಾಳಿ ಆಂಧ್ರ ದಾಟಿ ಕಂಪ್ಲಿಗೆ ಬಂತು. ಕಾಲುವೆ ಕೆಳಗಿನ ಗದ್ದೆಗಳಲ್ಲಿ ಇನ್ನೇನು ಕೊಯ್ಯಬೇಕು ಅಂತಿದ್ದ ಭತ್ತವನ್ನೆಲ್ಲ ಕೆಡವಿ ಮಲಗಿಸಿತು. ತೋಟಪ್ಪನ ಹನ್ನೆರಡು ಎಕರೆಯಲ್ಲಿ ಒಂದು ತೆನೆಯೂ ತಲೆ ಎತ್ತಿ ನಿಂತಿರಲಿಲ್ಲ. ತಮಿಳುನಾಡಿನಿಂದ ಬಂದಿದ್ದ ಕೊಯ್ಲಿನ ಮಷಿನ್ನನ್ನು ಆತುರಕ್ಕೆ ಬಿದ್ದು ಗದ್ದೆಗಿಳಿಸಿದ. ಅದು ನಾಲ್ಕು ಮಾರು ಹೋಗಿ ಹೊಟ್ಟೆತನಕ ಹೂತುಕೊಂಡಿತು. ಈಗಲೂ ಅಲ್ಲೇ ಇತ್ತು. ಉಚ್ಚೆಂಗಮ್ಮನನ್ನು ಬಿಟ್ಟು ಕೇರಿಯವರೆಲ್ಲ ಹೋಗಿ ನೋಡಿಕೊಂಡು ಬಂದಿದ್ದರು.

ಉಚ್ಚೆಂಗಮ್ಮ ಹೊರಗೆ ಬಂದು ಕದದ ಹತ್ತಿರ ನಿಂತಳು. ಕುಂದ್ರಿ ಅನ್ನಲಿಲ್ಲ. ಅಂದಿದ್ದರೂ ಅವನು ಕೂರುತ್ತಿರಲಿಲ್ಲ.

“ನಾಳೆ ಎಲ್ಲಾ ಹೆಣ್ಣಾಳೂ ಬರ್ರಿ. ಕುಡಗೋಲು ತರ್ರಿ. ಕೂಲಿ ದುಪ್ಪಟ್ಟು ಕೊಡ್ತೀನಿ. ಚಾ, ಮಂಡಕ್ಕಿ ನಂದು” ಅಂದ ತೋಟಪ್ಪ.

“ಮಷಿನ್ ಏನಾತ್ರಿ ಸಾವ್ಕಾರ್ರೆ?”

“ಗೊತ್ತಿಲ್ಲೇನು ನಿಂಗ? ಹೂತೈತಿ.”

ಪಕ್ಕದ ಮನೆಯೊಳಗಿಂದ ಯಾರೋ ಕಿಸಕ್ಕನೆ ನಕ್ಕರು. ಪಂಪಮ್ಮನೇ ಇರಬೇಕು, ಅವಳಿಗೆ ನಗು ತಡೆಯಲು ಬರುವುದಿಲ್ಲ. ತೋಟಪ್ಪ ಆ ಕಡೆ ಒಮ್ಮೆ ನೋಡಿ ಸಿಟ್ಟು ನುಂಗಿಕೊಂಡ.

“ಮೂರು ದಿನಕ್ಕಿಂತ ಹೆಚ್ಚಿಗಿ ತಡಿಯಂಗಿಲ್ಲ ಅದು. ಮೊಳಕಿ ಬರ್ತೈತಿ. ಅನ್ನದ ವಿಷಯ ಐತವಾ ಇದು” ಅಂದ.

“ಹೌದ್ರಿ, ಅನ್ನದ ವಿಷಯನ. ಮುಂಜಾನಿ ಬಂದು ನೋಡ್ತೀವಿ” ಅಂದಳು ಉಚ್ಚೆಂಗಮ್ಮ.

ಅವನು ಕಲ್ಲಿನ ಮೇಲೆ ಕಾಲಿಡುತ್ತ ವಾಪಸು ಹೋದ. ಅವಳು ಒಳಗೆ ಬಂದು ಕೂತಳು.

ಹಕ್ಕಲಿನ ಮಾತು ಹೇಳಬೇಕು. ಕೊಯ್ಲಾಗಿ, ಹೊರೆ ಕಟ್ಟಿ, ಕಣಕ್ಕೆ ಸಾಗಿಸಿದ ಮೇಲೆ ಗದ್ದೆಯಲ್ಲಿ ಉದುರಿ ಉಳಿದದ್ದು ಹಕ್ಕಲು. ಅದು ಕೇರಿಯ ಹೆಂಗಸರದು. ಯಾರೂ ಬರೆದುಕೊಟ್ಟದ್ದಲ್ಲ. ಉಚ್ಚೆಂಗಮ್ಮನ ಅಜ್ಜಿ ಆಯ್ದಿದ್ದಳು, ಅವ್ವ ಆಯ್ದಿದ್ದಳು, ಅವಳು ಎದ್ದು ನಡೆಯಲು ಕಲಿತಾಗಿಂದ ಆಯ್ದಿದ್ದಳು. ಮುಂಜಾನೆ ಬಗ್ಗಿದರೆ ಹೊತ್ತು ಮುಳುಗುವತನಕ ಬಗ್ಗಿದ್ದೇ. ಒಂದು ತೆನೆಗೆ ಒಮ್ಮೆ ಬಗ್ಗಬೇಕು. ಕೊಯ್ದು ಉಳಿದ ಬುಡದ ಕೂಳೆ ಚುಚ್ಚಿ ಕಾಲೆಲ್ಲ ಗೀರು. ಬದುವಿನ ಇಲಿ ಬಿಲ ಅಗೆದು, ತೋಳು ತನಕ ಕೈ ಹಾಕಿ, ಇಲಿ ಕೂಡಿಟ್ಟ ತೆನೆ ಹೊರಗೆಳೆಯಬೇಕು. ಕೆಲವು ಸಲ ಕೈಗೆ ಇಲಿ ಸಿಗುತ್ತಿತ್ತು, ಒಂದು ಸಲ ಪಂಪಮ್ಮನ ಕೈಗೆ ಹಾವು ಸಿಕ್ಕಿತ್ತು. ಹಾಗೆ ಆಯ್ದದ್ದು ಕುಟ್ಟಿ ಕೇರಿದರೆ ಯುಗಾದಿತನಕ ಮನೆಯಲ್ಲಿ ಅನ್ನ ಇರುತ್ತಿತ್ತು. ನಾಲ್ಕು ತಿಂಗಳ ಅನ್ನ. ಭತ್ತದ ಸೀಮೆಯಲ್ಲಿದ್ದು ಭತ್ತ ಬೆಳೆಯುವವರಿಗೆ ಸಿಗುತ್ತಿದ್ದ ಭತ್ತ ಅಷ್ಟೇ.

ಆಮೇಲೆ ಗಣಿ ಬಂತು. ಸಂಡೂರಿನ ಗುಡ್ಡಗಳನ್ನು ಹಗಲೂ ರಾತ್ರಿ ತೋಡಿ ಚೀನಾಕ್ಕೆ ಕಳಿಸತೊಡಗಿದರು. ಕೇರಿಯ ಗಂಡಸರು ಟೆಂಪೋ ಹತ್ತಿ ಗಣಿಗೆ ಹೋದರು. ತೋಟಪ್ಪನೂ ನಾಲ್ಕು ಟಿಪ್ಪರ್ ಕೊಂಡು ಅದಿರು ಸಾಗಿಸಲು ಬಿಟ್ಟ. ಆಳು ಸಿಗುವುದಿಲ್ಲ, ಸಿಕ್ಕರೆ ಎದುರು ಮಾತಾಡುತ್ತವೆ ಅಂತ ಹೇಳಿ ಗದ್ದೆಗೆ ಮಷಿನ್ ತರಿಸಿದ. ಇಪ್ಪತ್ತು ಹೆಂಗಸರು ಒಂದು ವಾರ ಮಾಡುವ ಕೆಲಸ ಅದಕ್ಕೆ ಒಂದು ಹಗಲು. ಕೂಲಿ ಹೋಯಿತು. ಹೋಗಲಿ, ಹಕ್ಕಲಾದರೂ ಇದೆಯಲ್ಲ ಅಂದುಕೊಂಡರು. ಮಷಿನ್ ಚೆಲ್ಲುವುದು ಜಾಸ್ತಿ, ಹೆಂಗಸರಿಗೆ ಅದು ಖುಷಿಯೇ ಆಗಿತ್ತು.

ಹೋದ ವರ್ಷ ಉಚ್ಚೆಂಗಮ್ಮ ತಪ್ಪಿದ್ದು ಅಲ್ಲೇ. ಮಷಿನ್ನಿಗೆ ಗದ್ದೆಯ ಮೂಲೆಯಲ್ಲಿ ತಿರುಗಲು ಬರುವುದಿಲ್ಲ. ನಾಲ್ಕು ಮೂಲೆಗೂ ಒಂದೊಂದು ಹಿಡಿ ಪೈರು ನಿಂತೇ ಉಳಿಯುತ್ತದೆ. ಮಷಿನ್ ಹೋಯಿತು, ಭತ್ತ ತೋಟಪ್ಪನ ಮಿಲ್ಲಿಗೆ ಹೋಯಿತು, ಇನ್ನು ಗದ್ದೆಯಲ್ಲಿ ಉಳಿದದ್ದೆಲ್ಲ ಹಕ್ಕಲು. ಅವಳು ತಿಳಿದದ್ದು ಹಾಗೆ. ಕೈಯಿಂದ ಕೊಯ್ಯುವ ಕಾಲದಲ್ಲಿ ಪೈರು ನಿಂತು ಉಳಿಯುವ ಪ್ರಶ್ನೆಯೇ ಇರಲಿಲ್ಲ. ಹಾಗಾಗಿ ಅದರ ನ್ಯಾಯ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಅವಳು ಮೂಲೆಯ ತೆನೆ ಕೊಯ್ದು ಉಡಿಗೆ ಹಾಕಿಕೊಂಡಳು. ಉಳಿದವರೂ ಹಾಕಿಕೊಂಡರು.

ತೋಟಪ್ಪ ಬಂದ. ಮಿಲ್ಲಿನ ಗುಮಾಸ್ತ ಈಶ್ವರ್‌ನನ್ನು ಕರೆದುಕೊಂಡು ಬಂದ. ಬದುವಿನ ಮೇಲೆ ಮಷಿನ್ನಿನ ಹುಡುಗರು ಊಟಕ್ಕೆ ಕೂತಿದ್ದರು, ಅವರ ಮುಂದೆ ಇವಳನ್ನು ನಿಲ್ಲಿಸಿದ.

“ಬಿದ್ದದ್ದು ನಿಂದು, ನಿಂತದ್ದು ನಂದು. ಅಷ್ಟು ತಿಳಿಯಂಗಿಲ್ಲೇನಲೇ ನಿಂಗ? ನಿಂತ ಬೆಳಿಗೆ ಕುಡಗೋಲು ಹಾಕಿದ್ರ ಅದು ಕಳವು. ಬಿಚ್ಚು ಉಡಿ.”

ಉಡಿ ಅಂದರೆ ಸೊಂಟಕ್ಕೆ ಸೀರೆಯ ಸೆರಗನ್ನೇ ಕಟ್ಟಿಕೊಂಡ ಚೀಲ. ಅದನ್ನು ಬಿಚ್ಚಿದರೆ ಸೀರೆ ಸಡಿಲಾಗುತ್ತದೆ. ಎರಡೂ ಕೈಯಲ್ಲಿ ಸೀರೆ ಹಿಡಿದುಕೊಂಡು ನಿಂತವಳ ಉಡಿಯನ್ನು ಈಶ್ವರ್ ಕಡ್ಡಿಯಿಂದ ಎಳೆದು ಕೆಡವಿದ. ಕೈಯಿಂದ ಮುಟ್ಟಲಿಲ್ಲ. ಭತ್ತ ಅವಳ ಪಾದದ ಮೇಲೆ ಸುರಿಯಿತು. ಮೂಲೆಯದು ಎರಡು ಹಿಡಿ ಇತ್ತು. ಉಳಿದದ್ದೆಲ್ಲ ದಿನವಿಡೀ ಬಗ್ಗಿ ಬಗ್ಗಿ ಆಯ್ದದ್ದು. ಎಲ್ಲವನ್ನೂ ಬಾಚಿಕೊಂಡರು. “ಕಳ್ಳಿ ಅದೀನಿ ಅಂತ ಬಾಯಿ ಬಿಟ್ಟು ಹೇಳು” ಅಂದ ತೋಟಪ್ಪ. ಹೇಳದಿದ್ದರೆ ಉಳಿದ ಹೆಂಗಸರ ಉಡಿಯನ್ನೂ ಬಿಚ್ಚಿಸುತ್ತಿದ್ದ. ಅವಳು ಹೇಳಿದಳು.

ಅದೇ ಸಂಜೆ ಗದ್ದೆಗೆ ಬೆಂಕಿ ಇಡಿಸಿದ. ಎರಡನೇ ಬೆಳೆಗೆ ನೆಲ ಹಸನಾಗಬೇಕು, ಅದಕ್ಕೆ ಕೂಳೆ ಸುಡಬೇಕು ಅಂತ ನೆವ ಹೇಳಿದ. ಬಿದ್ದದ್ದು ನಿಂದು ಅಂದ ಬಾಯಲ್ಲೇ ಬಿದ್ದದ್ದನ್ನೆಲ್ಲ ಸುಡಿ ಅಂದ. ಬೆಂಕಿಯಲ್ಲಿ ಉದುರಿದ ಭತ್ತ ಅರಳಾಗಿ ಸಿಡಿಯುತ್ತಿತ್ತು. ಚಟ್ ಚಟ್ ಅನ್ನುವ ಸದ್ದು ಕೇರಿತನಕ ಕೇಳಿಸಿತು. ನಾಲ್ಕು ತಿಂಗಳ ಅನ್ನ ಸಿಡಿಯುವುದನ್ನು ಹೆಂಗಸರು ಬದುವಿನ ಮೇಲೆ ನಿಂತು ಕೇಳಿದರು. ಬೆಂಕಿ ಆರಿದ ಮೇಲೆ ದುರ್ಗಕ್ಕ ಬೂದಿಯಲ್ಲಿ ಕೂತು, ಅರಳು ಹೆಕ್ಕಿ ಹೆಕ್ಕಿ ಬಾಯಿಗೆ ಹಾಕಿಕೊಂಡಳು. ಎಪ್ಪತ್ತು ದಾಟಿದ ಮುದುಕಿ. ಮೂಗು, ಬಾಯಿ, ಸೆರಗು ಎಲ್ಲ ಕಪ್ಪು. ಬೆರಳು ಸುಟ್ಟುಕೊಂಡರೂ ಬಿಡಲಿಲ್ಲ. ಅವತ್ತಿಂದ ಉಚ್ಚೆಂಗಮ್ಮ ಆ ಗದ್ದೆಯ ದಾರಿಯಲ್ಲಿ ಕಾಲಿಟ್ಟಿರಲಿಲ್ಲ.

ಮರುದಿನ ಮುಂಜಾನೆ ಕಾಲಿಟ್ಟಳು. ಮೂವತ್ತು ಹೆಂಗಸರು ಬದುವಿನ ಮೇಲೆ ಸಾಲಾಗಿ ನಿಂತರು. ಎಲ್ಲರ ಕೈಯಲ್ಲೂ ಕುಡಗೋಲು ಇತ್ತು. ಯಾರೂ ಗದ್ದೆಗೆ ಇಳಿಯಲಿಲ್ಲ.

ತೋಟಪ್ಪನ ಜೊತೆ ಹೊಸಪೇಟೆಯಿಂದ ಬಂದ ಕೃಷಿ ಅಧಿಕಾರಿಯೊಬ್ಬ ಇದ್ದ. ಬೆಳೆ ನಷ್ಟ ನೋಡಲು ಬಂದವನು. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡಿದ್ದ. ಬಿದ್ದ ಭತ್ತದ ಫೋಟೋ ತೆಗೆದ, ಹೂತ ಮಷಿನ್ನಿನ ಫೋಟೋ ತೆಗೆದ. ಆಮೇಲೆ ತೋಟಪ್ಪ ಕಿವಿಯಲ್ಲಿ ಏನೋ ಹೇಳಿದ ಮೇಲೆ ಹೆಂಗಸರ ಕಡೆ ತಿರುಗಿದ.

“ನೋಡಿ ತಾಯಂದಿರೇ, ಹವಾಮಾನ ಬದಲಾಗ್ತಾ ಇದೆ. ಇನ್ನು ಮುಂದೆ ಇಂಥ ಮಳೆ ಪದೇ ಪದೇ ಬರುತ್ತೆ. ಪ್ರಪಂಚದ ಜನಸಂಖ್ಯೆ ಏಳುನೂರು ಕೋಟಿ ಮುಟ್ಟುತ್ತಾ ಇದೆ. ಇಷ್ಟು ಜನಕ್ಕೆ ಊಟ ಎಲ್ಲಿಂದ ಬರಬೇಕು? ಒಂದೊಂದು ಕಾಳೂ ಮುಖ್ಯ. ಒಂದು ಕಾಳೂ ಹಾಳಾಗಬಾರದು. ನೀವು ಸಹಕರಿಸಬೇಕು.”

ಒಳ್ಳೆಯ ಮಾತೇ. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಹೇಳಿದ್ದು ಯಾರಿಗೆ ಅನ್ನುವುದೇ ಉಚ್ಚೆಂಗಮ್ಮನ ಮೈ ಉರಿಸಿತು. ಬೂದಿಯಲ್ಲಿ ಅರಳು ಹೆಕ್ಕಿ ತಿಂದ ಮುದುಕಿಗೆ ಒಂದು ಕಾಳೂ ಹಾಳಾಗಬಾರದು ಅಂತ ಪಾಠ.

“ಸಾಹೇಬ್ರ, ಒಂದು ಮಾತು ಕೇಳ್ತೀನ್ರಿ. ಆ ಏಳುನೂರು ಕೋಟಿಯಾಗ ನಮ್ಮನ್ನ ಎಣಿಸ್ಯಾರೇನ್ರಿ?”

“ಎಲ್ಲರೂ ಸೇರ್ತಾರಮ್ಮ.”

“ಹಂಗಂದ್ರ ಹೋದ ವರ್ಷ ನಮ್ಮ ಪಾಲಿನ ಕಾಳು ಇದೇ ಗದ್ಯಾಗ ಸುಟ್ರಲ್ರಿ, ಅವಾಗ ನೀವು ಬೂಟು ಹಾಕ್ಕೊಂಡು ಬರಲಿಲ್ಲ?”

ಅಧಿಕಾರಿ ತೋಟಪ್ಪನ ಮುಖ ನೋಡಿದ. ತೋಟಪ್ಪ ಮಷಿನ್ನಿನ ಕಡೆ ನೋಡಿದ. ಇನ್ನೂ ಮೂರು ಊರು ನೋಡಬೇಕು ಅಂತ ಹೇಳಿ ಅಧಿಕಾರಿ ಜೀಪು ಹತ್ತಿದ. ಬೂಟಿನ ಕೆಸರನ್ನು ಜೀಪಿನ ಮೆಟ್ಟಿಲಿಗೆ ಒರೆಸಿಕೊಂಡು ಹೋದ.

ಅವನು ಹೋದ ಮೇಲೆ ತೋಟಪ್ಪನ ದನಿ ಸ್ವಲ್ಪ ಗಟ್ಟಿಯಾಯಿತು. ಆದರೂ ಸಿಟ್ಟು ತೋರಿಸುವ ಹೊತ್ತಲ್ಲ ಅದು.

“ಆದದ್ದು ಆತು. ಈ ವರ್ಷ ಹಕ್ಕಲು ಬಿಟ್ಟೀನಿ. ಬೆಂಕಿ ಇಡಂಗಿಲ್ಲ. ಬೇಕಾದಷ್ಟು ಆಯ್ಕೊಳ್ರಿ. ಸಂಜಿಗೆ ಹೋಗಬೇಕಾದ್ರ ಈಶ್ವರಗ ಉಡಿ ತೋರಿಸಿ ಹೋಗ್ರಿ, ಅಷ್ಟ. ಇಳೀರಿ ಇನ್ನ, ಜಲ್ದಿ.”

ಪಂಪಮ್ಮ ಸೆರಗು ಸಿಕ್ಕಿಸಿ ಒಂದು ಹೆಜ್ಜೆ ಇಟ್ಟೇಬಿಟ್ಟಳು. ಒಂದು ವರ್ಷದಿಂದ ಕೇರಿ ಕಾಯುತ್ತಿದ್ದ ಮಾತು ಅದು. ಹಕ್ಕಲು ಸಿಕ್ಕಿತು. ಉಚ್ಚೆಂಗಮ್ಮ ಅಷ್ಟನ್ನೇ ಕೇಳಬೇಕು ಅಂತ ಮನೆಯಿಂದ ಹೊರಟಿದ್ದಳು. ಆದರೆ ‘ಉಡಿ ತೋರಿಸಿ’ ಅಂದ ಕೂಡಲೇ ಅವಳ ಕೈ ತಾನಾಗಿಯೇ ಸೊಂಟಕ್ಕೆ ಹೋಗಿ ಸೀರೆ ಹಿಡಿದುಕೊಂಡಿತು. ಯಾರೂ ಮುಟ್ಟಿರಲಿಲ್ಲ, ಆದರೂ ಹಿಡಿದುಕೊಂಡಿತು. ತನ್ನ ಕೈಯನ್ನು ತಾನೇ ನೋಡಿ ಅವಳಿಗೆ ತಲೆ ಕೆಟ್ಟಿತು. ಪಂಪಮ್ಮನ ರಟ್ಟೆ ಹಿಡಿದು ಬದುವಿನ ಮೇಲಕ್ಕೆ ಎಳೆದಳು.

“ಹಕ್ಕಲು ಬ್ಯಾಡ್ರಿ” ಅಂದಳು.

“ಏನು?”

“ಹಕ್ಕಲು ಬ್ಯಾಡ. ಕೂಲಿನೂ ಬ್ಯಾಡ. ಹೋದ ವರ್ಷ ಇಲ್ಲೇ ನಿಂತು ನೀವ ಅಂದ್ರಿ, ಬಿದ್ದದ್ದು ನಿಂದು, ನಿಂತದ್ದು ನಂದು ಅಂತ. ನಾನು ನ್ಯಾಯ ತಪ್ಪಿದ್ದೆ, ಕಳ್ಳಿ ಅಂತ ಬಾಯಿ ಬಿಟ್ಟು ಹೇಳೀನಿ. ಈ ವರ್ಷ ನೋಡ್ರಿ ಸಾವ್ಕಾರ್ರೆ, ನಿಂತದ್ದು ಒಂದಾರ ಐತೇನು? ಹನ್ನೆರಡು ಎಕ್ರೇನೂ ಬಿದ್ದೈತಿ. ನಾವು ಕೊಯ್ತೀವಿ. ಕೊಯ್ದದ್ದರಾಗ ಅರ್ಧ ನಿಮಗ ಕೊಡ್ತೀವಿ.”

ತೋಟಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ನೀನು ನಂಗ ಕೊಡ್ತೀಯಾ? ನನ್ನ ಹೊಲದಾಗ, ನನ್ನ ಬೆಳ್ಯಾಗ, ನೀನು ನಂಗ ಅರ್ಧ ಕೊಡ್ತೀಯಾ?”

“ಹೌದ್ರಿ.”

ಆಮೇಲೆ ಅವನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವುದು ಬೇಡ. ಅವಳ ಹೆಸರಿನಿಂದ ಅಮ್ಮನೂ ಹೋದಳು, ಅವಾನೂ ಹೋಯಿತು, ಹಳೆಯ ‘ಲೇ’ ತನ್ನ ಜಾಗಕ್ಕೆ ಬಂದು ಕೂತಿತು. ಜಾತಿ ಹಿಡಿದು ಬೈದ. ಆಂಧ್ರದಿಂದ ಆಳು ತರಿಸುತ್ತೇನೆ ಅಂದ. ಪೊಲೀಸರನ್ನು ಕರೆಸುತ್ತೇನೆ ಅಂದ. ಹೆಂಗಸರು ಕೇಳಿಸಿಕೊಂಡು, ಕುಡಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇರಿಗೆ ನಡೆದರು.

ಅವತ್ತು ಹೊತ್ತು ಹೋಗಲಿಲ್ಲ. ಮನೆಯಲ್ಲಿ ಅಕ್ಕಿ ಇರಲಿಲ್ಲ. ನ್ಯಾಯಬೆಲೆ ಅಂಗಡಿಯ ಜೋಳ ಒಂದು ವಾರಕ್ಕಿತ್ತು. ಗಂಡ ರಾಯಣ್ಣ ಗಣಿಯಿಂದ ಬಂದಿದ್ದ. ಮಳೆಗೆ ಕೇರಿಯವರು ಹೋಗುವ ಗಣಿಯ ದಾರಿ ಕುಸಿದು ನಾಲ್ಕು ದಿನ ಕೆಲಸ ನಿಂತಿತ್ತು. ಎಷ್ಟು ತೊಳೆದರೂ ಅವನ ಕಿವಿಯ ಸಂದಿಯ ಕೆಂಪು ಹೋಗುತ್ತಿರಲಿಲ್ಲ.

“ಹಕ್ಕಲು ಕೊಡ್ತೀನಿ ಅಂದಿದ್ನಲ್ಲ, ಸುಮ್ನ ಒಪ್ಕೋಬೇಕಿಲ್ಲೋ? ಅರ್ಧ ಬೆಳಿ ಕೇಳಾಕ ನಿಂಗೇನು ದೆವ್ವ ಬಡಿದೈತೇನು? ಗಣ್ಯಾಗ ನಾವು ಅರ್ಧ ಗುಡ್ಡ ಕೇಳ್ತೀವೇನು?” ಅಂದ.

“ಕೇಳಬೇಕಿತ್ತು” ಅಂದಳು ಉಚ್ಚೆಂಗಮ್ಮ.

ಅವನು ಬೀಡಿ ಹಚ್ಚಿದ. “ಗುಡ್ಡ ಅರ್ಧ ಖಾಲಿ ಆಗೇತಿ. ನಾಳೆ ಕೇಳಿದ್ರೂ ಏನೂ ಉಳಿದಿರಂಗಿಲ್ಲ” ಅಂತ ತನ್ನಷ್ಟಕ್ಕೆ ಹೇಳಿಕೊಂಡ.

ಎರಡನೇ ದಿನ ಬೆಳಗ್ಗೆ ದುರ್ಗಕ್ಕ ಅಳುತ್ತ ಬಂದಳು. ಮುದುಕಿಗೆ ಮನೆಯಲ್ಲಿ ನಿಲ್ಲಲಾಗದೆ ಗದ್ದೆ ಹತ್ತಿರ ಹೋಗಿ ಬಂದಿದ್ದಳು. ಕೈಯಲ್ಲಿ ಒಂದು ತೆನೆ ಇತ್ತು. ತೆನೆಯ ತುದಿಯ ಕಾಳುಗಳ ಮೂತಿಯಲ್ಲಿ ಬಿಳಿ ಕಾಣಿಸಿತ್ತು.

“ಮೊಳಕಿ ಒಡಿಯಾಕ ಹತ್ತೈತೆ ಉಚ್ಚೆಂಗಿ. ಅನ್ನ ಕೊಳೀತೈತಿ. ಕುಡಗೋಲು ಕೈಯಾಗ ಇಟ್ಕೊಂಡು ನೋಡ್ಕೋತ ಕುಂತ್ರ ಪಾಪ ಹತ್ತತೈತೆ ನಮಗ. ಉಡಿ ತೋರಿಸಿದ್ರ ಏನು ಸವೀತೈತಿ? ನಾನು ಮೊದಲು ತೋರಿಸ್ತೀನಿ ಬಾ.”

ಉಚ್ಚೆಂಗಮ್ಮ ಆ ತೆನೆ ತೆಗೆದುಕೊಂಡಳು. ಹುಟ್ಟಿದಾಗಿಂದ ಒಂದು ಕಾಳು ಬಿದ್ದರೆ ಬಗ್ಗಿ ಎತ್ತಿಕೊಂಡ ಕೈ ಅದು. ಅನ್ನ ಹಾಳಾಗುವುದನ್ನು ನೋಡಿ ಸುಮ್ಮನಿರುವುದು ಅವಳ ಜಾತಕದಲ್ಲೇ ಬರೆದಿರಲಿಲ್ಲ. ಈ ಮುದುಕಿಯ ಮಾತಿಗೆ ಹೂಂ ಅಂದುಬಿಟ್ಟರೆ ಸಂಜೆಯೊಳಗೆ ಮನೆಗೆ ಭತ್ತ ಬರುತ್ತದೆ. ಸೀರೆಯ ಒಂದು ಗಂಟು ಬಿಚ್ಚಿದರೆ ಸಾಕು. ಅವಳು ಅತ್ತಳು. ದುರ್ಗಕ್ಕನ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, “ಪಾಪ ಹತ್ತಿದ್ರ ನಂಗ ಹತ್ತಲಿ. ನೀನು ಗದ್ದಿ ಕಡಿ ಹೋಗಬ್ಯಾಡ” ಅಂದಳು. ದುರ್ಗಕ್ಕ ಅವಳನ್ನು ಬೈಯುತ್ತಲೇ ಅಲ್ಲೇ ಕೂತಳು. ಎದ್ದು ಹೋಗಲಿಲ್ಲ.

ಆಂಧ್ರದಿಂದ ಆಳು ಬರಲಿಲ್ಲ. ಅಲ್ಲಿಯೂ ಭತ್ತ ಮಲಗಿತ್ತು. ಕಂಪ್ಲಿಯ ಸುತ್ತ ಯಾವ ಊರಿನಲ್ಲೂ ಒಬ್ಬ ಆಳೂ ಬಿಡುವಾಗಿರಲಿಲ್ಲ. ಗಂಡಾಳು ಗಣಿಯಲ್ಲಿ, ಹೆಣ್ಣಾಳು ಅವರವರ ಊರಿನ ಬಿದ್ದ ಬೆಳೆಯಲ್ಲಿ. ಪೊಲೀಸರೂ ಬರಲಿಲ್ಲ. ಕೊಯ್ಯಲು ಒಪ್ಪದವರನ್ನು ಯಾವ ಕೇಸಿನಲ್ಲಿ ಒಳಗೆ ಹಾಕುವುದು ಅಂತ ಅವರಿಗೂ ತೋಚಿರಲಿಕ್ಕಿಲ್ಲ.

ಮೂರನೇ ದಿನ ಬೆಳಕು ಹರಿಯುವ ಮೊದಲು ಈಶ್ವರ್ ಬಂದ. ಕೇರಿಯ ಬಾಯಲ್ಲೇ ಸೈಕಲ್ ಮೋಟರ್ ನಿಲ್ಲಿಸಿ ಕೂಗಿದ.

“ಆಗಲಿ ಅಂದಾರ. ಅರ್ಧ. ಜಲ್ದಿ ಬರ್ರಿ.”

ಮೂವತ್ತು ಹೆಂಗಸರು ಗದ್ದೆಗೆ ಇಳಿದರು.

ನಿಂತ ಭತ್ತ ಕೊಯ್ಯುವುದು ಬೇರೆ, ಬಿದ್ದ ಭತ್ತ ಕೊಯ್ಯುವುದು ಬೇರೆ. ನಿಂತದ್ದಕ್ಕೆ ಅರ್ಧ ಬಗ್ಗಿದರೆ ಸಾಕು. ಬಿದ್ದದ್ದಕ್ಕೆ ಮುಖ ನೀರಿಗೆ ತಾಗುವಷ್ಟು ಬಗ್ಗಬೇಕು. ಒಂದರ ಮೇಲೊಂದು ಹೆಣೆದು ಬಿದ್ದ ದಂಟನ್ನು ಎಡಗೈಯಿಂದ ನೀರೊಳಗಿಂದ ಎತ್ತಬೇಕು. ಬುಡ ಕಾಣುವುದಿಲ್ಲ, ಅಂದಾಜಿನ ಮೇಲೆ ಕುಡಗೋಲು ಎಳೆಯಬೇಕು. ಎಳೆದಾಗ ಬೆರಳು ಸಿಕ್ಕರೂ ಆ ತಣ್ಣನೆಯ ನೀರಿನಲ್ಲಿ ಗೊತ್ತಾಗುವುದಿಲ್ಲ, ನೀರು ಕೆಂಪಾದ ಮೇಲೆ ಗೊತ್ತಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಜನರ ಬೆರಳಿಗೆ ಚಿಂದಿ ಕಟ್ಟಿತ್ತು. ಕಾಲ ಬೆರಳ ಸಂದಿ ಕೆಸರಿಗೆ ಬಿಳುಚಿ ಬಿರಿದಿತ್ತು. ಒದ್ದೆ ಹೊರೆ ಒಣ ಹೊರೆಯ ಮೂರು ಪಟ್ಟು ಭಾರ. ದುರ್ಗಕ್ಕ ಬದುವಿನ ಮೇಲೆ ಕೂತು ಹೊರೆ ಕಟ್ಟುವ ಹುರಿ ಹೊಸೆದು ಹೊಸೆದು ಕೊಡುತ್ತಿದ್ದಳು. ಯಾರೂ ಹಾಡು ಹೇಳಲಿಲ್ಲ. ಹಾಡಲು ಉಸಿರಿರಲಿಲ್ಲ.

ಹೊರೆಗಳನ್ನು ಎರಡು ಕಡೆ ಒಟ್ಟಿದರು. ಒಂದು ಹೊರೆ ಈ ಕಡೆ, ಒಂದು ಹೊರೆ ಆ ಕಡೆ. ದಪ್ಪದ್ದು ಒಂದು ಕಡೆ, ತೆಳ್ಳಗಿನದು ಇನ್ನೊಂದು ಕಡೆ ಆಗದಂತೆ ಪಂಪಮ್ಮ ನೋಡಿಕೊಂಡಳು. ಹೊತ್ತು ಇಳಿಯುವಾಗ ಎರಡು ಎಕರೆ ಆಗಿತ್ತು, ಎರಡು ಒಟ್ಟಿಲು ಸಮ ನಿಂತಿದ್ದವು. ಪೂರ್ವದಲ್ಲಿ ಮತ್ತೆ ಮೋಡ ಕಟ್ಟಿತ್ತು.

ಆಗ ತೋಟಪ್ಪ ಟ್ರಾಕ್ಟರ್ ಹಿಂದೆ ಕಾರಿನಲ್ಲಿ ಬಂದ. ಎರಡು ಒಟ್ಟಿಲನ್ನೂ ನೋಡಿ ಖುಷಿಯಾದ.

“ಮಸ್ತ್ ಆಗೇತಿ. ಎಲ್ಲಾ ಟ್ರೇಲಿಗೆ ಏರಿಸ್ರಿ. ಮಿಲ್ಲಿನ ಶೆಡ್ಡಿನಾಗ ಒಣಗಿಸಿ, ಬಡಿದು, ಆಮ್ಯಾಲೆ ನಿಮ್ಮ ಪಾಲು ಕೊಡ್ತೀನಿ. ಒದ್ದಿ ಭತ್ತ ಒಯ್ದು ಕೇರ್‍ಯಾಗ ಎಲ್ಲಿ ಹಾಕ್ತೀರಿ?”

ಕೇಳಲು ಒಳ್ಳೆಯ ಮಾತೇ. ಎರಡು ಮೂರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಿಲ್ಲಿನ ಗೇಟಿನೊಳಗೆ ಹೋದ ಭತ್ತ ಹೊರಗೆ ಬಂದದ್ದನ್ನು ಯಾರಾದರೂ ನೋಡಿದ್ದೀರಾ ಅಂತ ಉಚ್ಚೆಂಗಮ್ಮ ಯಾರನ್ನೂ ಕೇಳಲಿಲ್ಲ. ತಮ್ಮ ಪಾಲಿನ ಒಟ್ಟಿಲ ಹತ್ತಿರ ಹೋಗಿ, ಒಂದು ಹೊರೆ ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು.

“ನಮ್ಮ ಮನಿಯೊಳಗ ಹಾಕ್ತೀವ್ರಿ. ನಾವು ಹೊರಗ ಮಲಗ್ತೀವಿ.”

“ಇಳಿಸು ಅದನ್ನ.”

“ಇಳಿಸಂಗಿಲ್ರಿ.”

“ಈಶ್ವರ್, ಅಕಿ ಉಡಿ ನೋಡು ಮೊದಲು. ಮುಂಜಾನಿಂದ ಗದ್ಯಾಗ ಇದ್ದಾಕಿ.”

ಈಶ್ವರ್ ಎರಡು ಹೆಜ್ಜೆ ಇಟ್ಟ. ಉಚ್ಚೆಂಗಮ್ಮನ ಎರಡೂ ಕೈ ಹೊರೆಯ ಮೇಲಿತ್ತು. ಈ ಸಲ ಆ ಕೈ ಸೊಂಟಕ್ಕೆ ಇಳಿಯಲಿಲ್ಲ. ಅವಳು ಅವನ ಕಣ್ಣನ್ನೇ ನೋಡಿದಳು. ಅವಳ ಹಿಂದೆ ಪಂಪಮ್ಮ ಬಂದು ನಿಂತಳು, ಕುಡಗೋಲು ಇನ್ನೂ ಕೈಯಲ್ಲೇ ಇತ್ತು. ಅವಳ ಹಿಂದೆ ಉಳಿದವರು. ಯಾರೂ ಕುಡಗೋಲು ಎತ್ತಲಿಲ್ಲ, ಯಾರೂ ಕೆಳಗೆ ಇಡಲೂ ಇಲ್ಲ. ಮೂವತ್ತು ಹೆಂಗಸರ ಮೈಯಿಂದ ಕೆಸರು ನೀರು ಇಳಿಯುತ್ತಿತ್ತು.

“ನನ್ನ ಉಡ್ಯಾಗ ಏನೂ ಇಲ್ಲ. ಇದ್ದದ್ದೆಲ್ಲ ತಲಿ ಮ್ಯಾಗ ಐತಿ, ಎಲ್ಲಾರಿಗೂ ಕಾಣಂಗ. ಮುಟ್ಟಿ ನೋಡು ಬಾ” ಅಂದಳು ಉಚ್ಚೆಂಗಮ್ಮ.

ಈಶ್ವರ್ ಮುಟ್ಟಲಿಲ್ಲ. ಮಿಲ್ಲಿನ ಗುಮಾಸ್ತ ತಾನು, ಇದು ತನ್ನ ಕೆಲಸವಲ್ಲ ಅನ್ನುವ ಹಾಗೆ ಹಿಂದೆ ಸರಿದು ಟ್ರಾಕ್ಟರಿನ ಪಕ್ಕ ನಿಂತ.

ಹೆಂಗಸರು ಒಬ್ಬೊಬ್ಬರಾಗಿ ಹೊರೆ ಎತ್ತಿಕೊಂಡರು. ಒಬ್ಬರಿಗೊಬ್ಬರು ಕೈಕೊಟ್ಟು ತಲೆಗೇರಿಸಿದರು. ದುರ್ಗಕ್ಕನೂ ಒಂದು ಸಣ್ಣ ಹೊರೆ ಕೇಳಿ ಹೊರಿಸಿಕೊಂಡಳು. ಉಳಿದದ್ದನ್ನು ಒಯ್ಯಲು ರಾಯಣ್ಣ ಕೇರಿಯ ಗಂಡಸರನ್ನು ಕರೆದುಕೊಂಡು ಬರುವುದು ದಾರಿಯಲ್ಲಿ ಕಾಣುತ್ತಿತ್ತು. ಸಾಲು ಬದುವಿನ ಮೇಲೆ ನಡೆಯತೊಡಗಿತು. ತೋಟಪ್ಪನ ಕಾರು ದಾರಿಗೆ ಅಡ್ಡ ಇತ್ತು. ಅದರ ಪಕ್ಕ ಹಾಯುವಾಗ ಒದ್ದೆ ತೆನೆಗಳು ಕಾರಿನ ಗಾಜು ಒರೆಸುತ್ತ ಹೋದವು.

ಇನ್ನೊಂದು ಒಟ್ಟಿಲು ಗದ್ದೆಯಲ್ಲೇ ಇತ್ತು. ಮೋಡ ತಲೆಯ ಮೇಲೆ ಬಂದಿತ್ತು. ಒಂದೆರಡು ಹನಿ ಬಿದ್ದವು.

“ಏಯ್, ಇದನ್ನ ಯಾರು ಏರಿಸ್ತಾರ?” ತೋಟಪ್ಪ ಹಿಂದಿನಿಂದ ಕೂಗಿದ.

ಉಚ್ಚೆಂಗಮ್ಮ ನಿಂತಳು. ತಲೆಯ ಮೇಲಿನ ಹೊರೆಯಿಂದಾಗಿ ತಿರುಗಿ ನೋಡಲು ಬರುತ್ತಿರಲಿಲ್ಲ.

“ಕೊಯ್ಯೋದು ಮಾತಾಗಿತ್ರಿ. ಹೊರೋದು ಮಾತಾಗಿರ್ಲಿಲ್ಲ.”

ಅಷ್ಟು ಹೇಳಿ ನಡೆದಳು. ಕತ್ತು ಹೂತುಹೋಗುವಷ್ಟು ಭಾರ ಇತ್ತು. ನೀರು ಇಳಿದು ಬೆನ್ನೆಲ್ಲ ತೊಯ್ದಿತ್ತು, ಬೆರಳಿನ ಗಾಯ ಉರಿಯುತ್ತಿತ್ತು. ಮನೆ ಇನ್ನೂ ಅರ್ಧ ಮೈಲಿ ಇತ್ತು. ಹನಿ ದಪ್ಪವಾದವು. ಸಾಲಿನ ಕೊನೆಯಲ್ಲಿದ್ದ ಪಂಪಮ್ಮ ಹೊರೆ ಸಮೇತ ಪೂರ್ತಿ ತಿರುಗಿ ನೋಡಿ, ದಾಪುಗಾಲು ಹಾಕಿ ಬಂದು ಅವಳ ಪಕ್ಕಕ್ಕೆ ಸೇರಿದಳು.

“ಅಕ್ಕ, ಸಾವ್ಕಾರ ಚಪ್ಪಲಿ ಬಿಟ್ಟು ಗದ್ದಿಗೆ ಇಳಿದಾನ. ಹೊರಿ ಎತ್ತಾಕ ಬಗ್ಯಾನ. ಅದು ಏಳವಲ್ದು ಅವನ ಕೈಲೆ.”

“ಕಲೀಲಿ. ನೀನು ನಡಿ, ನಾಳೆ ಹತ್ತು ಎಕ್ರೆ ಐತಿ” ಅಂದಳು ಉಚ್ಚೆಂಗಮ್ಮ.